ಹೆದರಿದ್ದು ಯಾರು?

ನಮಸ್ಕಾರ,

ನಿಮ್ಮ 'ಮೆದುಳೆಂಬ ಮಾಂತ್ರಿಕ' ಲೇಖನ ಓದಿದೆ. ಎರಡು ಸಲ ಓದಿದೆ, ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಓದಿಕೊಂಡು ಬರೆದಿದ್ದೀರಿ ಅನ್ನೋದೂ ಗೊತ್ತಾಗುತ್ತದೆ. ಹೊಗಳಿಕೆ ಇಷ್ಟೇ, ಬೇಜಾರು ಮಾಡ್ಕೋಬೇಡಿ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ಹಾಗಂತ 'ವಿಷಾದಿಸುತ್ತೇವೆ' ಅಂತ ಎರಡು ಸಾಲು ಗೀಚಿ ಕೈ ತೊಳೆದುಕೊಳ್ಳೋಣ ಅಂದ್ರೆ ಮನಸ್ಸು ಒಪ್ಪುತ್ತಿಲ್ಲ, ಯಾಕೆಂದರೆ ನಿಮ್ಮ ಮೊದಲ ಪ್ಯಾರಾದ ನಾಯಿ ನನ್ನ ಬೆನ್ನು ಬಿಡುತ್ತಿಲ್ಲ.

ಆ ಪ್ಯಾರಾ ನೀವೇ ಮತ್ತೆ ಓದಿ. ಏಳನೇ ವಯಸ್ಸಿನಲ್ಲಿ ನಾಯಿ ಕಚ್ಚಿತು. ಇವತ್ತಿಗೂ ಸರಪಳಿ ಎಳೆದ ಸದ್ದು ಕೇಳಿದರೆ ಸಾಕು, ನಾಯಿ ಕಾಣದಿದ್ದರೂ ಎಡಗಾಲು ತಾನಾಗಿ ಹಿಂದೆ ಸರಿಯುತ್ತದೆ. ಕಚ್ಚಿದ್ದು ಯಾವ ಕಾಲಿಗೆ ಅಂತ ನನಗೆ ಮರೆತಿದೆ, ಕಾಲಿಗೆ ಮರೆತಿಲ್ಲ ಅಂತ ಬರೆದಿದ್ದೀರಿ. ಅಲ್ಲಿ ನಾನು ಎದ್ದು ಕೂತೆ. ಮರುಸಾಲಿಗೇ ತಣ್ಣೀರು ಎರಚಿದಿರಿ: "ಇದಕ್ಕೆಲ್ಲ ಕಾರಣ ಅಮಿಗ್ಡಾಲ ಎಂಬ ಬಾದಾಮಿ ಗಾತ್ರದ ರಾಕ್ಷಸ." ಅಲ್ಲಿಂದ ಮುಂದೆ ನೀವೂ ಇಲ್ಲ, ನಾಯಿಯೂ ಇಲ್ಲ. ಒಂಬತ್ತು ಪುಟದ ತುಂಬ ಬರೀ ಮೆದುಳಿನ ಭಾಗಗಳದ್ದೇ ಓಡಾಟ.

ಸಾಲು ಸಾಲೇ ನೋಡೋಣ.

"ಅಮಿಗ್ಡಾಲ ಹೆದರುತ್ತದೆ." ಇಲ್ಲ, ಹೆದರೋದು ನೀವು. ಅದು ಮೆದುಳಿನೊಳಗಿನ ನರಕೋಶಗಳ ಒಂದು ಗೊಂಚಲು. ಅಪಾಯದ ಸುಳಿವು ಸಿಕ್ಕಾಗ ಅದರಿಂದ ಹೊರಟ ಸಂಕೇತಗಳು ಎದೆಬಡಿತ ಏರಿಸುತ್ತವೆ, ಸ್ನಾಯು ಬಿಗಿಸುತ್ತವೆ. ಅದರ ಕೆಲಸ ದೊಡ್ಡದೇ, ಆದರೆ ಹೊಟ್ಟೆಗೆ ಹಸಿವಾಯಿತು ಅಂದ ಹಾಗೆ ಇದನ್ನೂ ಹೇಳಿಬಿಟ್ಟರೆ ಆಗಲ್ಲ.

"ಭಯದ ಗುಂಡಿ ಇರುವುದೇ ಅಲ್ಲಿ, ಅದನ್ನು ಕಿತ್ತರೆ ಭಯವೇ ಇಲ್ಲ." ಇದು ನನಗೆ ತುಂಬಾ ಚುಚ್ಚಿದ ಸಾಲು. ಎಸ್.ಎಂ. ಅನ್ನೋ ಎರಡಕ್ಷರದಿಂದಲೇ ಸಂಶೋಧಕರಿಗೆ ಪರಿಚಿತಳಾದ ಒಬ್ಬ ಮಹಿಳೆ ಇದ್ದಾಳೆ. ಅಪರೂಪದ ಕಾಯಿಲೆಯಿಂದ ಆಕೆಯ ಎರಡೂ ಕಡೆಯ ಅಮಿಗ್ಡಾಲ ಹಾಳಾಗಿದೆ. ಕೈಗೆ ಹಾವು ಕೊಟ್ಟರೆ ಕುತೂಹಲದಿಂದ ಸವರಿದಳು, ಹೆದರಲಿಲ್ಲ. ಇಲ್ಲಿವರೆಗೆ ನಿಮ್ಮ ಮಾತು ಸರಿ. ಆದರೆ ಆಕೆಗೆ 35% ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಸಲ ಉಸಿರಾಡಿಸಿದಾಗ, ಆ ಆಕೆಯೇ ಗಾಬರಿಯಿಂದ ಒದ್ದಾಡಿಬಿಟ್ಟಳು. 2013ರಲ್ಲಿ ಪ್ರಕಟವಾದ ಪ್ರಯೋಗ ಅದು. ಗುಂಡಿಯೇ ಇಲ್ಲದವಳಿಗೆ ಆ ಭಯ ಎಲ್ಲಿಂದ ಬಂತು? ಹೊರಗಿನ ಹಾವಿಗೆ ಒಂದು ದಾರಿ, ಒಳಗೆ ಉಸಿರು ಕಟ್ಟಿದ್ದಕ್ಕೆ ಇನ್ನೊಂದು ದಾರಿ ಇರುವ ಹಾಗಿದೆ. ಲೇಖನ ಬೆಳೆಯಬೇಕಾಗಿದ್ದ ಜಾಗ ಅದು. ನೀವು ಅಲ್ಲಿ ಬಾಗಿಲು ಹಾಕಿಕೊಂಡು ಬಂದಿದ್ದೀರಿ.

ಇನ್ನು ನೆನಪಿಗೆ ಬೇಕಾದ ಮೆದುಳಿನ ಭಾಗದ ಬಗ್ಗೆ: "ಹಿಪ್ಪೊಕ್ಯಾಂಪಸ್ ಎಂಬ ಕಪಾಟಿನಲ್ಲಿ ನೆನಪುಗಳನ್ನು ಜೋಡಿಸಿಡಲಾಗಿದೆ, ಅದನ್ನು ತೆಗೆಸಿಕೊಂಡ ಒಬ್ಬ ವ್ಯಕ್ತಿ ಎಲ್ಲವನ್ನೂ ಮರೆತ." ಆ ಒಬ್ಬ ವ್ಯಕ್ತಿಗೆ ಹೆಸರಿದೆ ಸ್ವಾಮಿ, ಹೆನ್ರಿ ಮೊಲೈಸನ್. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗ ತಡೆಯಲಾರದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. 2008ರಲ್ಲಿ ತೀರಿಕೊಳ್ಳುವವರೆಗೂ ಪುಸ್ತಕಗಳಲ್ಲಿ ಬರೀ ಎಚ್.ಎಂ. ಆಗಿದ್ದರು. ಎಲ್ಲವನ್ನೂ ಮರೆತರಾ? ಇಲ್ಲ. ಬಾಲ್ಯ ನೆನಪಿತ್ತು, ಮಾತು ನೆನಪಿತ್ತು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಹೆನ್ರಿಗೆ ಒಂದು ನಕ್ಷತ್ರದ ಚಿತ್ರ ಕೊಟ್ಟರು. ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು, ಆದರೆ ತನ್ನ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡಬಹುದು. ನೀವೂ ಮಾಡಿ ನೋಡಿ, ಮೂಲೆ ಬಂದ ತಕ್ಷಣ ಪೆನ್ಸಿಲ್ ಉಲ್ಟಾ ಓಡುತ್ತದೆ. ಮೂರು ದಿನದಲ್ಲಿ ಹೆನ್ರಿಯ ತಪ್ಪುಗಳು ಇಳಿಯುತ್ತಾ ಬಂದವು. ಪ್ರತಿ ಸಲವೂ ಅವರಿಗೆ ಅದು ಮೊದಲನೇ ಸಲ. ಕೈ ಕಲಿತಿತ್ತು, ಕಲಿತದ್ದು ಅವರಿಗೆ ಗೊತ್ತಿರಲಿಲ್ಲ.

ಈಗ ನಿಮ್ಮ ಎಡಗಾಲು ನೆನಪಾಯ್ತಲ್ವಾ? ಅದಕ್ಕೆ ಇನ್ನೂ ಹತ್ತಿರದ ಕಥೆ 1911ರದ್ದು. ಸ್ವಿಟ್ಜರ್ಲೆಂಡಿನ ಕ್ಲಪರೇಡ್ ಎಂಬ ವೈದ್ಯ ಮರೆವಿನ ಕಾಯಿಲೆಯ ಒಬ್ಬ ಹೆಂಗಸಿನ ಕೈ ಕುಲುಕುವಾಗ ಬೆರಳ ಸಂದಿಯಲ್ಲಿ ಪಿನ್ ಅಡಗಿಸಿ ಚುಚ್ಚಿದ. (ಇವತ್ತು ಹಾಗೆ ಮಾಡಿದರೆ ಸುಮ್ನೆ ಬಿಡಲ್ಲ, ಅದು ಬೇರೆ ಮಾತು.) ಆಕೆಗೆ ಚುಚ್ಚಿದ್ದು ಮರೆತೇ ಹೋಯಿತು. ಆದರೂ ಮುಂದಿನ ಸಲ ಆತ ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆಳೆದುಕೊಂಡಳು. ಯಾಕಮ್ಮಾ ಅಂದರೆ ನೆಟ್ಟಗೆ ಉತ್ತರವಿಲ್ಲ. ನಿಮ್ಮ ಕಾಲು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಕಪಾಟಿನ ಹೋಲಿಕೆ ಹಿಡಿದುಕೊಂಡರೆ ಈ ಎರಡರಲ್ಲಿ ಒಂದನ್ನೂ ವಿವರಿಸೋಕೆ ಬರಲ್ಲ.

ಕಪಾಟಿನ ಮೇಲೆ ನನಗೆ ಇನ್ನೊಂದು ಸಿಟ್ಟಿದೆ. ಒಳಗಿಟ್ಟದ್ದು ಇಟ್ಟ ಹಾಗೇ ಸಿಗುತ್ತದೆ ಅನ್ನೋ ಭ್ರಮೆ ಅದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಜನರಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ ಕಾರುಗಳು 'ಡಿಕ್ಕಿಯಾದಾಗ' ಅಂತ, ಇನ್ನು ಕೆಲವರಿಗೆ 'ಅಪ್ಪಳಿಸಿದಾಗ' ಅನ್ನೋ ಅರ್ಥದ ಮಾತಿನಲ್ಲಿ. ವಾರದ ನಂತರ, ಒಡೆದ ಗಾಜು ನೋಡಿದಿರಾ ಅಂದಾಗ 'ಡಿಕ್ಕಿ'ಯ 50 ಜನರಲ್ಲಿ 7 ಮಂದಿ ಹೌದು ಅಂದರು, 'ಅಪ್ಪಳಿಸಿದ' 50 ಜನರಲ್ಲಿ 16 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಬದಲಾದದ್ದಕ್ಕೆ ನೆನಪಿನೊಳಗೆ ಗಾಜು ಬಂದು ಬಿತ್ತು. ಬರೆಯುವ ನಾವು ಇದನ್ನು ಓದಿ ಬೆಚ್ಚಬೇಕು. ನೀವೋ, ಕ್ರಿಯಾಪದಗಳನ್ನು ಕೈಗೆ ಸಿಕ್ಕ ಹಾಗೆ ಎಸೆದಿದ್ದೀರಿ: ಅಮಿಗ್ಡಾಲ ಕೂಗುತ್ತದೆ, ಕಾರ್ಟೆಕ್ಸ್ ಗದರುತ್ತದೆ, ಡೋಪಮೈನ್ ಕುಣಿಯುತ್ತದೆ. ನಾಟಕ ಕಂಪನಿ ಆಗಿಹೋಗಿದೆ.

ಇಷ್ಟು ಬೈಯುವ ಹಕ್ಕು ನನಗೆ ಹೇಗೆ ಬಂತು ಅಂದರೆ, ನಾನೂ ಇದನ್ನೇ ಮಾಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಟ್ಟಿನ ಮೇಲೆ ಒಂದು ಲೇಖನ ಬರೆದೆ. ಬಲಮೆದುಳು ರೇಗುತ್ತದೆ, ಎಡಮೆದುಳು ಲೆಕ್ಕ ಹಾಕುತ್ತದೆ ಅನ್ನೋ ಥರದ್ದು. ಆಗಿನ ನಮ್ಮ ಸಂಪಾದಕರು ಕರೆದು, "ಏನಯ್ಯಾ, ಸಿಟ್ಟು ಬಂದಿದ್ದು ಯಾರಿಗೆ?" ಅಂದರು. ನಾನು ಬಲಮೆದುಳಿಗೆ ಅಂದೆ. ಇಡೀ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಎಲ್ಲರೆದುರು ಮೇಜಿನ ಮೇಲೆ ಎಸೆದರು. ಈ ಕಥೆಯನ್ನು ಎಷ್ಟು ಜನ ಹೊಸಬರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಂತೆಲ್ಲ ಗೆರೆ ದಪ್ಪವಾಯಿತು ಅಂತ ಕಾಣುತ್ತದೆ. ಹೋದ ವರ್ಷ ಹಳೆ ಕಾಗದದ ಕಟ್ಟಿನಲ್ಲಿ ಆ ಹಾಳೆ ಸಿಕ್ಕಿತು. ಕೆಂಪು ಶಾಯಿ ಎಲ್ಲೂ ಇಲ್ಲ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ, ತೆಳ್ಳಗೆ, ಒಂದೇ ಪದ: 'ಯಾರು?'. ಅಡ್ಡಗೆರೆ ಒಂದೂ ಇಲ್ಲ. ಹಾಳೆ ಮುಂದೆ ಇಟ್ಟುಕೊಂಡು ಕೂತಾಗಲೂ ನನಗೆ ಕಾಣೋದು ಆ ಕೆಂಪು ಗೆರೆಯೇ.

ನಿಮ್ಮ ಹಾಳೆಯಲ್ಲಿ ಹನ್ನೊಂದು ಕಡೆ ಅದೇ ಪದ ಬರೆದಿದ್ದೇನೆ. ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳಲ್ಲ. ಮೆದುಳಿನ 10% ಮಾತ್ರ ಬಳಸುತ್ತೇವೆ ಅನ್ನೋ ಸಾಲು ಮಾತ್ರ ದಯವಿಟ್ಟು ಕಿತ್ತುಹಾಕಿ, ಅದು ಸುಳ್ಳು.

ನಾಯಿಯಿಂದಲೇ ಮತ್ತೆ ಶುರು ಮಾಡಿ. ಐದು ಪುಟ ಸಾಕು. ಬರೆಯುವ ಮುಂಚೆ, ಆವತ್ತು ನಿಮ್ಮ ಜೊತೆಗಿದ್ದವರು ಯಾರಾದರೂ ಸಿಕ್ಕರೆ ಕಚ್ಚಿದ್ದು ಯಾವ ಕಾಲಿಗೆ ಅಂತ ಕೇಳಿ. ಬಲಗಾಲಿಗೆ ಅಂದರೆ ಹಾಗೇ ಬರೆಯಿರಿ. ನಾಯಿನೇ ಅಲ್ಲ, ಬೆಕ್ಕು ಅಂದರೆ ಅದನ್ನೂ ಬರೆಯಿರಿ.