ಉಪ್ಪಿನ ಪೂಲ್ ಹಸಿರಾಗ್ತಿದೆ, ಉಪ್ಪು ಹಾಕಿದ್ರೂ ಸರಿ ಹೋಗ್ತಿಲ್ಲ ಅಂದವರಿಗೆ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 40,000 ಲೀಟರ್ ಸಿಮೆಂಟ್ ಪೂಲ್, ಸಾಲ್ಟ್ ಸಿಸ್ಟಮ್ (ನೀರಿನ ಉಪ್ಪಿಂದ ಕ್ಲೋರಿನ್ ಮಾಡೋ ಮಷಿನ್) ಹಾಕ್ಸಿ ಎರಡು ತಿಂಗಳು, ಪಿಎಚ್ ವಾರವಾರ 8.2ಕ್ಕೆ ಹೋಗತ್ತೆ, ಆಲ್ಕಲಿನಿಟಿ (ಆಸಿಡ್ ತಡ್ಕೊಳ್ಳೋ ನೀರಿನ ಶಕ್ತಿ) 140, ಕ್ಲೋರಿನ್ ಅರ್ಧ ಪಿಪಿಎಂ (ಹತ್ತು ಲಕ್ಷದಲ್ಲಿ ಅರ್ಧ ಪಾಲು) ಕೂಡ ನಿಲ್ತಿಲ್ಲ, ನೀರು ತಿಳಿ ಹಸಿರು, ನೀರು ವಾಪಸ್ ಬರೋ ಬಾಯಿಂದ ಬಿಳಿ ಬಿಳಿ ಚೂರು ಬರ್ತಿದೆ, ಮಷಿನ್ ಮಾತ್ರ "ಲೋ ಸಾಲ್ಟ್" ಅಂತ ಬಡ್ಕೊಳ್ತಿದೆ ಅಂತ 25 ಕೆಜಿದು ಎರಡು ಚೀಲ ಸುರಿದಿದೀರ, ಡಿಸ್‌ಪ್ಲೇ ಆದ್ರೂ ಅಲ್ಲಾಡಿಲ್ಲ. ಇದಷ್ಟೇ ತಾನೇ? ಮೂರನೇ ಚೀಲ ತಂದಿಟ್ಟಿದೀನಿ ಅಂದ್ರಲ್ಲ, ದಯವಿಟ್ಟು ಅದನ್ನ ಬಿಚ್ಬೇಡಿ.

ಲೆಕ್ಕ ನೋಡಿ. ಒಂದು ಕೆಜಿ ಉಪ್ಪು ಸಾವಿರ ಲೀಟರಿಗೆ ಬಿದ್ರೆ ಸಾವಿರ ಪಿಪಿಎಂ. ನಿಮ್ಮ 40,000 ಲೀಟರಿಗೆ 50 ಕೆಜಿ ಅಂದ್ರೆ 1250 ಪಿಪಿಎಂ ಏರ್ಲೇಬೇಕು, ಏರದೇ ಇರೋಕೆ ಅದೇನು ಆವಿಯಾಗಿ ಹೋಗೋ ವಸ್ತು ಅಲ್ಲ. ಶುರುವಲ್ಲಿ 3200ಕ್ಕೆ ಸೆಟ್ ಮಾಡಿದ್ರು ಅಂದಿದೀರ, ಹಾಗಿದ್ರೆ ಈಗ 4000 ದಾಟಿರತ್ತೆ. ಮಷಿನ್ ಉಪ್ಪನ್ನ ನೇರವಾಗಿ ಅಳೆಯಲ್ಲ ಸರ್, ನೀರಲ್ಲಿ ಕರೆಂಟ್ ಎಷ್ಟು ಸರಾಗವಾಗಿ ಹರಿಯತ್ತೆ ಅಂತ ನೋಡಿ ಅಂದಾಜು ಹೇಳತ್ತೆ. ಸೆಲ್, ಅಂದ್ರೆ ಮಷಿನಲ್ಲಿ ಕ್ಲೋರಿನ್ ತಯಾರಾಗೋ ಭಾಗ, ಅದ್ರೊಳಗಿನ ಪ್ಲೇಟ್ ಮೇಲೆ ಸುಣ್ಣ ಕಟ್ಟಿದ್ರೂ, ನೀರು ತುಂಬಾ ತಣ್ಣಗಿದ್ರೂ, ಸೆಲ್ ಹಳೇದಾಗಿದ್ರೂ ಕರೆಂಟ್ ಕಮ್ಮಿ ಹರಿಯತ್ತೆ, ಅದು ಪಾಪ ಉಪ್ಪು ಕಮ್ಮಿ ಅನ್ಕೊಳ್ಳತ್ತೆ. ಅದಕ್ಕೇ ಡಿಸ್‌ಪ್ಲೇ ನೋಡಿ ಉಪ್ಪು ಹಾಕೋದಲ್ಲ, ಉಪ್ಪು ಅಳೆಯೋ ಬೇರೆ ಟೆಸ್ಟ್ ಸ್ಟ್ರಿಪ್ ಇಲ್ಲಾ ಮೀಟರಲ್ಲಿ ನೋಡಿ ಆಮೇಲೆ ಹಾಕೋದು. ಕ್ಲೋರಿನ್ ಕೆಲಸ ಮುಗಿಸಿ ವಾಪಸ್ ಕ್ಲೋರೈಡ್ ಆಗತ್ತೆ, ಅಂದ್ರೆ ಮತ್ತೆ ಉಪ್ಪೇ. ಬ್ಯಾಕ್‌ವಾಶ್ (ಫಿಲ್ಟರಿಗೆ ಉಲ್ಟಾ ನೀರು ಹರಿಸಿ ತೊಳೆಯೋದು), ಸೋರಿಕೆ, ಮಕ್ಕಳು ಹಾರಿ ಹೊರಗೆ ಚೆಲ್ಲೋ ನೀರು, ಮಳೆ ಬಂದು ತುಂಬಿ ಹರಿಯೋದು, ಇದ್ರಲ್ಲಿ ಬಿಟ್ರೆ ಉಪ್ಪು ಎಲ್ಲೂ ಹೋಗಲ್ಲ. ಜಾಸ್ತಿ ಆಗಿದ್ರೆ ಒಂದಷ್ಟು ನೀರು ಬಿಟ್ಟು ಹೊಸ ನೀರು ತುಂಬೋದೊಂದೇ ದಾರಿ. ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರಲ್ಲ, ಪೂಲ್‌ಗೂ ಅದೇ.

ನಿಮ್ಮ ತೊಂದರೆ ಉಪ್ಪಲ್ಲ, ಉಪ್ಪು ಬಿಟ್ಟು ಮಿಕ್ಕಿದ್ದೆಲ್ಲ. ಸಾಲ್ಟ್ ಪೂಲ್ ಅಂದ್ರೆ ಕ್ಲೋರಿನ್ ಇಲ್ಲದ ಪೂಲ್ ಅಲ್ಲ, ಕ್ಲೋರಿನ್ ಅಲ್ಲೇ ತಯಾರಾಗೋ ಪೂಲ್ ಅಷ್ಟೇ, ಹಾಗಾಗಿ ಮಾಮೂಲಿ ಪೂಲಿಗೆ ಏನೇನು ನೋಡ್ಕೋಬೇಕೋ ಅದೆಲ್ಲ ಇದಕ್ಕೂ ಬೇಕು.

ಮೊದ್ಲು ಆ ಬಿಳಿ ಚೂರು. ಕೈಗೆ ತಗೊಂಡು ಬೆರಳಲ್ಲಿ ಉಜ್ಜಿ, ಮೊಟ್ಟೆ ಚಿಪ್ಪಿನ ಥರ ತೆಳುವಾಗಿ ಪುಡಿ ಆಗತ್ತೆ. ಒಂದು ಚೂರಿನ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು ನೋಡಿ, ಚುರ್ ಅಂತ ನೊರೆ ಬಂದ್ರೆ ಅದು ಸುಣ್ಣ, ಕ್ಯಾಲ್ಸಿಯಂ ಕಾರ್ಬೋನೇಟ್. ಸೆಲ್ ಒಳಗೆ ನೆಗೆಟಿವ್ ಪ್ಲೇಟ್ ಹತ್ರ ಪಿಎಚ್ ಪೂಲಿಗಿಂತ ತುಂಬಾ ಜಾಸ್ತಿ ಇರತ್ತೆ, ನಿಮ್ಮ ನೀರು ಮೊದಲೇ 8.2, ಆಲ್ಕಲಿನಿಟಿ 140, ಸುಣ್ಣ ಕಟ್ಟದೇ ಏನ್ಮಾಡತ್ತೆ. ಮಷಿನ್ ಆಗಾಗ ಪೋಲಾರಿಟಿ (ಕರೆಂಟಿನ ದಿಕ್ಕು) ತಿರುಗಿಸ್ದಾಗ ಆ ಪದರ ಉದುರಿ ಪೂಲಿಗೆ ಬರತ್ತೆ. ಸೆಲ್ ಬಿಚ್ಚಿ ನೋಡಿ (ಕರೆಂಟ್ ಆಫ್ ಮಾಡಿ, ಪಂಪೂ ಆಫ್ ಮಾಡಿ), ಪ್ಲೇಟ್ ಮಧ್ಯೆ ಕಟ್ಟಿದ್ರೆ ಮೊದ್ಲು ಪೈಪಿನ ನೀರು ಜೋರಾಗಿ ಹಿಡಿದು ಹೋಗೋಷ್ಟು ಹೋಗ್ಲಿ. ಹೋಗ್ದಿದ್ರೆ ಮಾತ್ರ ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್ ಬೆರೆಸಿ ಅದ್ರಲ್ಲಿಡಿ, ನೊರೆ ನಿಂತ ತಕ್ಷಣ ತೆಗೀರಿ. ನೀರಿಗೆ ಆಸಿಡ್ ಹಾಕೋದು, ಆಸಿಡ್‌ಗೆ ನೀರು ಅಲ್ಲ, ಇದನ್ನ ಉಲ್ಟಾ ಮಾಡಿದ್ರೆ ಮುಖಕ್ಕೇ ಸಿಡಿಯತ್ತೆ. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಚಾಕು, ಸ್ಕ್ರೂಡ್ರೈವರ್ ತಗೊಂಡು ಕೆರೀಬೇಡಿ, ಟೈಟೇನಿಯಂ ಪ್ಲೇಟ್ ಮೇಲಿರೋ ಲೇಪ ಹೋಯ್ತು ಅಂದ್ರೆ ಸೆಲ್ಲೇ ಹೋಯ್ತು. ಆಸಿಡಲ್ಲಿ ಪದೇ ಪದೇ ತೊಳೆದ್ರೂ ಲೇಪ ಸವೀತದೆ, ಅದಕ್ಕೇ ತಿಂಗಳಿಗೊಂದ್ಸಲ ತೊಳೀರಿ ಅನ್ನೋ ಸಲಹೆ ನಂಗೆ ಇಷ್ಟ ಇಲ್ಲ. ನೀರು ಸರಿ ಇದ್ರೆ ಸುಣ್ಣ ಕಟ್ಟೋದೇ ಕಮ್ಮಿ.

ಈಗ ಪಿಎಚ್ ಯಾಕೆ ಏರತ್ತೆ ಅಂತ. ಸೆಲ್ಲಲ್ಲಿ ಕ್ಲೋರಿನ್ ಜೊತೆ ಹೈಡ್ರೋಜನ್ ಗುಳ್ಳೆನೂ ಹುಟ್ಟತ್ತೆ, ಆ ಸಣ್ಣ ಗುಳ್ಳೆಗಳು ನೀರನ್ನ ಕದಡಿ ಅದ್ರಲ್ಲಿರೋ ಕಾರ್ಬನ್ ಡೈಆಕ್ಸೈಡನ್ನ ಹೊರಗೆ ಓಡಿಸ್ತವೆ, ಸೋಡಾ ಬಾಟಲಿ ಕುಲುಕಿದ ಹಾಗೆ. ಅದು ಹೋದಷ್ಟೂ ಪಿಎಚ್ ಮೇಲೆ. ಆಲ್ಕಲಿನಿಟಿ ಜಾಸ್ತಿ ಇದ್ದಷ್ಟೂ ಈ ಓಟ ಜೋರು. ಮಾಮೂಲಿ ಪೂಲಿಗೆ 80ರಿಂದ 120 ಅಂತಾರೆ, ಸಾಲ್ಟ್ ಪೂಲಿಗೆ 60ರಿಂದ 80 ಇಟ್ರೆ ಪಿಎಚ್ ಏರೋದು ನಿಧಾನ ಆಗತ್ತೆ. ನೀವು ಪ್ರತಿ ವಾರ ಆಸಿಡ್ ಹಾಕಿ ಪಿಎಚ್ ಇಳಿಸ್ತಿದೀರ, ಆದ್ರೆ ಮಧ್ಯೆ ಯಾರೋ ಹೇಳಿದ್ರು ಅಂತ ಅಡುಗೆ ಸೋಡಾನೂ ಹಾಕ್ತಿದೀರ. ಒಂದು ಕೈಲಿ ಇಳಿಸೋದು ಇನ್ನೊಂದು ಕೈಲಿ ಏರಿಸೋದು. ಸೋಡಾ ನಿಲ್ಸಿ.

ಆಸಿಡ್ ಅಂದ್ರೆ ಹೈಡ್ರೋಕ್ಲೋರಿಕ್ ಆಸಿಡ್, 31-32 ಪರ್ಸೆಂಟ್ ಇರೋದು. ನಿಮ್ಮ ಪೂಲಿಗೆ ಸುಮಾರು 800 ಎಂಎಲ್ ಹಾಕಿದ್ರೆ ಆಲ್ಕಲಿನಿಟಿ 10 ಇಳಿಯತ್ತೆ. 140ರಿಂದ 70ಕ್ಕೆ ಅಂದ್ರೆ ಒಟ್ಟು ಐದೂವರೆ ಲೀಟರ್ ಚಿಲ್ಲರೆ, ಆದ್ರೆ ಒಂದೇ ಸಲ ಸುರಿದ್ರೆ ಪಿಎಚ್ ಪಾತಾಳಕ್ಕೆ ಹೋಗಿ ಸಿಮೆಂಟು ತಿಂದುಹಾಕತ್ತೆ. ಪಂಪ್ ಓಡ್ತಿರುವಾಗ, ಪೂಲಲ್ಲಿ ಯಾರೂ ಇಲ್ಲದಾಗ, ಆಳ ಇರೋ ಕಡೆ ನೀರು ವಾಪಸ್ ಬರೋ ಬಾಯಿ ಮುಂದೆ ಅರ್ಧ ಲೀಟರ್ ನಿಧಾನಕ್ಕೆ ಬಿಡಿ, ಒಂದು ಗಂಟೆ ಬಿಟ್ಟು ಟೆಸ್ಟ್ ಮಾಡಿ, 7.2ಕ್ಕೆ ಬರೋವರ್ಗೂ ಹೀಗೆ. ಆಮೇಲೆ ಆ ಬಾಯಿನ ಮೇಲ್ಮುಖ ತಿರುಗಿಸಿ, ನೀರು ಮೇಲೆ ಚಿಮ್ಮಲಿ, ಕಾರಂಜಿ ಇದ್ರೆ ಅದನ್ನೂ ಹಾಕಿ. ಪಿಎಚ್ ತಾನೇ ಏರತ್ತೆ, ಆಲ್ಕಲಿನಿಟಿ ಏರಲ್ಲ. ಮತ್ತೆ ಆಸಿಡ್. ಒಂದೆರಡು ವಾರದಲ್ಲಿ 70ಕ್ಕೆ ಬರತ್ತೆ. ಅಲ್ಲಿಗೆ ಬಂದ್ಮೇಲೆ ಪಿಎಚ್ 7.8 ಮುಟ್ಟಿದಾಗ 7.5ಕ್ಕೆ ಇಳಿಸಿ ಸಾಕು, 7.2ಕ್ಕೆ ಎಳೆದಷ್ಟೂ ಅದು ಬೇಗ ವಾಪಸ್ ಓಡತ್ತೆ.

ಇನ್ನು ಕ್ಲೋರಿನ್ ಯಾಕೆ ನಿಲ್ತಿಲ್ಲ. ನಿಮ್ಮ ಪೋಸ್ಟಲ್ಲಿ ಸ್ಟೆಬಿಲೈಸರ್ ಅಂದ್ರೆ ಸಯನ್ಯೂರಿಕ್ ಆಸಿಡ್ ಬಗ್ಗೆ ಒಂದಕ್ಷರ ಇಲ್ಲ, ನಂಗೆ ಅಲ್ಲೇ ಡೌಟು. ಅದಿಲ್ಲದ ನೀರಲ್ಲಿ ಬಿಸಿಲು ಬಿದ್ರೆ ಒಂದೆರಡು ಗಂಟೇಲಿ ಕ್ಲೋರಿನ್ ಮುಕ್ಕಾಲು ಖಾಲಿ, ಮಷಿನ್ 100 ಪರ್ಸೆಂಟ್ ಓಡಿಸಿದ್ರೂ ತೂತು ಬಿದ್ದ ಕೊಡ ತುಂಬಿದ ಹಾಗೆ. ಸಾಲ್ಟ್ ಪೂಲಿಗೆ 60ರಿಂದ 80 ಬೇಕು. ಟೆಸ್ಟ್ ಮಾಡುವಾಗ ತಳದಲ್ಲಿ ಕಪ್ಪು ಚುಕ್ಕೆ ಇರೋ ಟ್ಯೂಬನ್ನ (ನೀರು ತುಂಬ್ತಾ ಚುಕ್ಕೆ ಮರೆಯಾದ ಮಟ್ಟವೇ ಅಳತೆ) ಹೊರಗೆ ಬೆಳಕಲ್ಲಿ, ಬಿಸಿಲಿಗೆ ಬೆನ್ನು ಹಾಕಿ, ಸೊಂಟದ ಮಟ್ಟಕ್ಕೆ ಹಿಡಿದು ಮೇಲಿಂದ ನೋಡಿ, ಕಣ್ಣಿಗೆ ಹತ್ರ ತಂದು ದಿಟ್ಟಿಸಿದ್ರೆ ಚುಕ್ಕೆ ಕಾಣ್ತಾನೇ ಇರತ್ತೆ, ಲೆಕ್ಕ ತಪ್ಪತ್ತೆ. ಸೊನ್ನೆ ಬಂದ್ರೆ ಈಗ 1.2 ಕೆಜಿ ಹಾಕಿ, 30 ಆಗತ್ತೆ. ಹಳೇ ಕಾಲುಚೀಲದಲ್ಲಿ ತುಂಬಿ ವಾಪಸ್ ನೀರಿನ ಮುಂದೆ ನೇತುಹಾಕಿ, ಆಗಾಗ ಹಿಂಡಿ. ಪೂರ್ತಿ 70ಕ್ಕೆ ಈಗಲೇ ಹೋಗ್ಬೇಡಿ, ಸ್ಟೆಬಿಲೈಸರ್ ಜಾಸ್ತಿ ಇದ್ದಷ್ಟೂ ಪಾಚಿ ಕೊಲ್ಲೋಕೆ ಕ್ಲೋರಿನ್ನೂ ಜಾಸ್ತಿ ಬೇಕು. ಪಾಚಿ ಹೋದ್ಮೇಲೆ ಮಿಕ್ಕಿದ್ದು.

ಪಾಚಿ ಹೋಗ್ಸೋಕೆ ಮಷಿನ್ ನಂಬ್ಕೊಂಡು ಕೂರಬೇಡಿ. ಗಂಟೆಗೆ 15 ಗ್ರಾಂ ಮಾಡೋ ಸೆಲ್ ಎಂಟು ಗಂಟೆ ಓಡಿದ್ರೆ ನಿಮ್ಮ ನೀರಿಗೆ ದಿನಕ್ಕೆ 3 ಪಿಪಿಎಂ, ಅದು ದಿನನಿತ್ಯದ ಖರ್ಚಿಗೆ ಸರಿ, ಯುದ್ಧಕ್ಕಲ್ಲ. ಪಿಎಚ್ 7.2ಕ್ಕೆ ಇಳಿಸಿ, ಆಮೇಲೆ ಲಿಕ್ವಿಡ್ ಕ್ಲೋರಿನ್. 10 ಪರ್ಸೆಂಟ್‌ದು ಒಂದು ಲೀಟರಿಗೆ ನಿಮ್ಮ ಪೂಲಲ್ಲಿ ಎರಡೂವರೆ ಪಿಪಿಎಂ ಏರತ್ತೆ. 30 ಸ್ಟೆಬಿಲೈಸರಿಗೆ 12 ಪಿಪಿಎಂ ತಂದು ಅಲ್ಲೇ ಹಿಡ್ಕೊಳ್ಳಿ, ದಿನಕ್ಕೆ ಎರಡು ಮೂರು ಸಲ ನೋಡಿ ಇಳಿದಷ್ಟು ಸೇರಿಸ್ತಾ ಗೋಡೆ ಬ್ರಶ್ ಮಾಡ್ತಾ ಇರಿ, ಫಿಲ್ಟರ್ ಹಗಲು ರಾತ್ರಿ ಓಡ್ಲಿ. ಆಸಿಡ್ ಮತ್ತೆ ಕ್ಲೋರಿನ್ ಒಟ್ಟಿಗೆ ಮಾತ್ರ ಹಾಕ್ಬೇಡಿ, ಒಂದೇ ಬಕೆಟ್, ಒಂದೇ ಮಗ್ ಕೂಡ ಬೇಡ, ವಿಷದ ಗಾಳಿ ಬರತ್ತೆ. ನೀರು ತಿಳಿಯಾದ್ಮೇಲೆ ಮಷಿನ್ ಆಫ್ ಮಾಡಿ ಸಂಜೆ ಕತ್ತಲಾದ ಮೇಲೆ ಒಂದ್ಸಲ, ಬೆಳಿಗ್ಗೆ ಸೂರ್ಯ ಹುಟ್ಟೋ ಮುಂಚೆ ಒಂದ್ಸಲ ಕ್ಲೋರಿನ್ ನೋಡಿ, 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ರೆ ಪಾಚಿ ಇನ್ನೂ ಎಲ್ಲೋ ಅಡಗಿದೆ, ಏಣಿ ಹಿಂದೆ, ಲೈಟಿನ ಹಿಂದೆ ನೋಡಿ.

ಒಂದು ಎಚ್ಚರಿಕೆ, ನಾನೇ ಬಿದ್ದ ಹಳ್ಳ ಇದು. ಕ್ಲೋರಿನ್ ಟೆಸ್ಟಿನ ಹನಿ ಹಾಕಿದ ತಕ್ಷಣ ಟ್ಯೂಬ್ ಗಾಢ ಗುಲಾಬಿ ಆಗಿ ಕಣ್ಣು ಮಿಟುಕಿಸೋದ್ರೊಳಗೆ ಬಣ್ಣ ಹೋಗಿ ನೀರಿನ ಥರ ಆಯ್ತು, ನಾನು ಕ್ಲೋರಿನ್ ಸೊನ್ನೆ ಅಂತ ಇನ್ನೂ ಎರಡು ಲೀಟರ್ ಸುರಿದೆ. ಅಸಲಿಗೆ ಕ್ಲೋರಿನ್ ವಿಪರೀತ ಇದ್ದು ಆ ಬಣ್ಣನೇ ಬ್ಲೀಚ್ ಆಗಿತ್ತು. ಮೂರು ದಿನ ಯಾರನ್ನೂ ನೀರಿಗೆ ಇಳಿಸಿಲ್ಲ, ಮನೇಲಿ ಬೈಗುಳ ಬೇರೆ. ಹಾಗೇ ಕ್ಲೋರಿನ್ 10ರ ಮೇಲಿದ್ದಾಗ ಪಿಎಚ್ ಟೆಸ್ಟ್ ಸುಳ್ಳು ಹೇಳತ್ತೆ, ಇರೋದಕ್ಕಿಂತ ಜಾಸ್ತಿ ತೋರಿಸತ್ತೆ, ಆಗ ಅದನ್ನ ನೋಡಿ ಆಸಿಡ್ ಹಾಕ್ಬೇಡಿ.

ಎಲ್ಲಾ ಸರಿ ಹೋದ್ಮೇಲೆ ಸ್ಟೆಬಿಲೈಸರ್ 70ಕ್ಕೆ ಏರಿಸಿ, ಕ್ಲೋರಿನ್ 3ರಿಂದ 5ರ ಮಧ್ಯೆ ನಿಲ್ಲೋ ಹಾಗೆ ಮಷಿನ್ ಪರ್ಸೆಂಟ್ ಸೆಟ್ ಮಾಡಿ. ಕ್ಯಾಲ್ಸಿಯಂ ಗಡಸುತನ 200ರಿಂದ 400 ಒಳಗಿರ್ಲಿ, ನೀವು ತುಂಬೋ ನೀರೇ ಗಡಸಾಗಿದ್ರೆ ಅದು ಏರ್ತಾನೇ ಇರತ್ತೆ, ಆವಿಯಾಗೋದು ನೀರು ಮಾತ್ರ ನೋಡಿ. ಫಾಸ್ಫೇಟ್ (ಪಾಚಿಗೆ ಆಹಾರ ಆಗೋ ಲವಣ) ತೆಗೆಯೋ ಔಷಧಿ ತಗೊಳ್ಳಿ ಅಂತ ಕೆಳಗೆ ಒಬ್ರು ಹೇಳಿದಾರೆ, ಸದ್ಯಕ್ಕೆ ದುಡ್ಡು ದಂಡ, ಕ್ಲೋರಿನ್ ಸರಿ ಇದ್ರೆ ಫಾಸ್ಫೇಟ್ ಇದ್ರೂ ಪಾಚಿ ಬೆಳೆಯಲ್ಲ.

ಇವತ್ತು ಸಂಜೆ ಸ್ಟೆಬಿಲೈಸರ್, ಕ್ಯಾಲ್ಸಿಯಂ, ಬೇರೆ ಸ್ಟ್ರಿಪ್‌ನಲ್ಲಿ ಉಪ್ಪು, ಈ ಮೂರು ನೋಡಿ ಇಲ್ಲೇ ಹಾಕಿ. ಸೆಲ್ ಮೇಲೆ ಗಂಟೆಗೆ ಎಷ್ಟು ಗ್ರಾಂ ಅಂತ ಬರೆದಿರತ್ತೆ, ಅದರ ಫೋಟೋನೂ ಹಾಕಿ, ದಿನಕ್ಕೆ ಎಷ್ಟು ಗಂಟೆ ಓಡಿಸ್ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.