ಟೈಟ್ರೇಶನ್‌ನಲ್ಲಿ ಮೂರು ರೀಡಿಂಗೂ ಹೊಂದಿದರೂ ಉತ್ತರ ತಪ್ಪಾಗುವುದು ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಎಲ್ಲರಿಗೂ ಕೊಟ್ಟ 0.05 ಮೋಲಾರ್ (ಲೀಟರಿಗೆ 0.05 ಮೋಲ್) ಆಕ್ಸಾಲಿಕ್ ಆಮ್ಲದಲ್ಲಿ 10 ಮಿ.ಲೀ. ತೆಗೆದುಕೊಂಡಿರಿ. ಪರ್ಮಾಂಗನೇಟ್ ದ್ರಾವಣ ಎಷ್ಟು ಗಟ್ಟಿ ಎಂದು ತಿಳಿಯಲು ಟೈಟ್ರೇಶನ್ ಮಾಡಿದಿರಿ, ಅಂದರೆ ಆಮ್ಲ ಪೂರ್ತಿ ಮುಗಿಯುವ ತನಕ ಅದನ್ನು ಅಳೆದು ಹನಿಹನಿಯಾಗಿ ಹಾಕಿದಿರಿ. ಮೂರು ಸಲ ಅದು 10.5, 10.4, 10.5 ಮಿ.ಲೀ. ಹಿಡಿಯಿತು. ಅದೇ ಬಾಟಲಿಗಳಿಂದ ತೆಗೆದುಕೊಂಡ ಪಕ್ಕದವರಿಗೆ 10.0 ಬಂತು. ರೆಕಾರ್ಡ್‌ನಲ್ಲಿ ‘ಮಾನವ ದೋಷ’ ಎಂದು ಬರೆದಿದ್ದಕ್ಕೆ ಮೇಷ್ಟ್ರು ಒಪ್ಪಲಿಲ್ಲ.

ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೇಷ್ಟ್ರು ಒಪ್ಪದೇ ಇದ್ದದ್ದು ಸರಿ. ರೀಡಿಂಗ್ ಹೊಂದಿದರೆ ನಿಮ್ಮ ಕೈ ಪಳಗಿದೆ ಎಂದಷ್ಟೇ ಅರ್ಥ. ಒಂದೇ ತಪ್ಪನ್ನು ಮೂರು ಸಲ ಮಾಡಿದರೂ ರೀಡಿಂಗ್ ಹೊಂದುತ್ತದೆ, ಅಲ್ವಾ? ಹಾಗಾಗಿ ಯಾವ ತಪ್ಪನ್ನು ಅನುಮಾನಿಸಿದರೂ ಎರಡು ಪ್ರಶ್ನೆ ಕೇಳಿ. ಇದು ರೀಡಿಂಗನ್ನು ಏರಿಸುತ್ತದೋ, ಇಳಿಸುತ್ತದೋ? ಎಷ್ಟು?

ನಿಮಗೆ ಅರ್ಧ ಮಿ.ಲೀ. ಜಾಸ್ತಿ ಬಂದಿದೆ. ಬಾಟಲಿ ಒಂದೇ ಆದ್ದರಿಂದ ತೂಕ ಮಾಡಿದ್ದು, ಪರ್ಮಾಂಗನೇಟ್ ಹಳೆಯದಾಗಿದ್ದು, ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಉಳಿದದ್ದು ನಿಮ್ಮ ಗಾಜಿನ ಸಾಮಾನು, ನಿಮ್ಮ ಕೆಲಸದ ರೀತಿ.

ಬ್ಯುರೆಟ್ಟನ್ನು (ಹನಿ ಬಿಡುವ ಅಳತೆ ಕೊಳವೆ) ಪರ್ಮಾಂಗನೇಟ್‌ನಲ್ಲಿ ತೊಳೆಯದೆ ಒದ್ದೆಯಾಗಿಯೇ ತುಂಬಿದಿರಾ? ರೀಡಿಂಗ್ ಏರುತ್ತದೆ, ನಿಜ. ಆದರೆ ಒಳಗೆ ಅರ್ಧ ಮಿ.ಲೀ. ನೀರು ಉಳಿದಿತ್ತು ಅಂದುಕೊಂಡರೂ ತುಂಬಿದ 50 ಮಿ.ಲೀ.ಗೆ ಅದು ಶೇ. 1. ರೀಡಿಂಗ್ 10.1 ಆಗುತ್ತದೆ, 10.5 ಆಗುವುದಿಲ್ಲ. ಎಂಡ್ ಪಾಯಿಂಟ್, ಅಂದರೆ ತಿಳಿ ಗುಲಾಬಿ ಬಣ್ಣ ನಿಲ್ಲುವ ಹಂತ, ದಾಟಿತ್ತಾ? ಒಂದು ಹನಿ ಸುಮಾರು 0.05 ಮಿ.ಲೀ. ಅರ್ಧ ಮಿ.ಲೀ. ಅಂದರೆ ಹತ್ತು ಹನಿ. ಅಷ್ಟು ಬಿದ್ದರೆ ತಿಳಿ ಗುಲಾಬಿ ಹೋಗಿ ಗಾಢ ಬಣ್ಣ ಬರುತ್ತದೆ, ನಿಮ್ಮ ಕಣ್ಣಿಗೆ ಬೀಳದೆ ಇರುವುದಿಲ್ಲ. ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ಮೊದಲ ರೀಡಿಂಗ್ ಮಾತ್ರ ಕೆಡುತ್ತಿತ್ತು. ಬ್ಯುರೆಟ್ ಮೇಲಿನ ಫನೆಲ್ ತೆಗೆಯದೆ ಬಿಟ್ಟಿದ್ದರೆ ಅದರಿಂದ ಹನಿ ಒಳಗೆ ಬಿದ್ದು ರೀಡಿಂಗ್ ಇಳಿಯುತ್ತಿತ್ತು. ಆಮ್ಲ ಅಳೆದು ತೆಗೆಯುವ ಪಿಪೆಟ್ಟನ್ನು ಆಮ್ಲದಲ್ಲಿ ತೊಳೆಯದೆ ಬಳಸಿದ್ದರೂ ಇಳಿಯುತ್ತಿತ್ತು.

ಕಂದು ಬಣ್ಣ ಕಂಡಿತ್ತಾ? ಅದೊಂದು ಮಾತ್ರ ನೆನಪು ಮಾಡಿಕೊಂಡು ನೋಡಿ. ಸಲ್ಫ್ಯೂರಿಕ್ ಆಮ್ಲ ಕಮ್ಮಿ ಹಾಕಿದರೆ ಪರ್ಮಾಂಗನೇಟ್ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲೇ ನಿಂತುಬಿಡುತ್ತದೆ, ಜಾಸ್ತಿ ಹಿಡಿಯುತ್ತದೆ. 60ರಿಂದ 70 ಡಿಗ್ರಿಗೆ ಬಿಸಿ ಮಾಡದೆ ಗಡಿಬಿಡಿಯಲ್ಲಿ ಹಾಕಿದರೂ ಹೀಗಾಗಬಹುದು.

ಕಂದು ಕಾಣದಿದ್ದರೆ ನನ್ನ ಅನುಮಾನವೆಲ್ಲ ಆಮ್ಲ ಹಾಕಿಕೊಳ್ಳುವ ಕೋನಿಕಲ್ ಫ್ಲಾಸ್ಕ್ ಮೇಲೆ. ಬ್ಯುರೆಟ್, ಪಿಪೆಟ್ ಎರಡನ್ನೂ ಆಯಾ ದ್ರಾವಣದಲ್ಲಿ ತೊಳೆಯಿರಿ ಅಂದ ಕೂಡಲೇ ಬಹಳ ಮಕ್ಕಳು ಫ್ಲಾಸ್ಕನ್ನೂ ಆಕ್ಸಾಲಿಕ್ ಆಮ್ಲದಲ್ಲೇ ತೊಳೆದುಬಿಡುತ್ತಾರೆ. ಬಗ್ಗಿಸಿ ಚೆಲ್ಲಿದರೂ ಗೋಡೆಗೆ, ತಳಕ್ಕೆ ಅಂಟಿಕೊಂಡು ಅರ್ಧ ಮಿ.ಲೀ. ಸುಲಭವಾಗಿ ಉಳಿಯುತ್ತದೆ. ಆಗ ಒಳಗಿರುವುದು 10 ಅಲ್ಲ, 10.5 ಮಿ.ಲೀ. ಆಮ್ಲ. ಲೆಕ್ಕ ಸರಿಯಾಗಿ ಕೂರುತ್ತದೆ. ಪ್ರತಿ ಸಲ ಉಳಿಯುವುದು ಚೂರು ಹೆಚ್ಚುಕಮ್ಮಿ ಆಗುವುದರಿಂದ ಮಧ್ಯದ 10.4 ಕೂಡ ಅರ್ಥವಾಗುತ್ತದೆ.

ಫ್ಲಾಸ್ಕ್‌ಗೆ ಡಿಸ್ಟಿಲ್ಡ್ ವಾಟರ್ ಸಾಕು. ಒದ್ದೆ ಇದ್ದರೂ ಪರವಾಗಿಲ್ಲ, ಆಮ್ಲದ ಪ್ರಮಾಣ ಅದರಿಂದ ಬದಲಾಗುವುದಿಲ್ಲ. ಆದರೆ ಆಕ್ಸಾಲಿಕ್ ಆಮ್ಲವನ್ನು ನೀವೇ ಕರಗಿಸುವ ದಿನ ದಯವಿಟ್ಟು ಬೋರ್ ನೀರು ಬೇಡ. ಗಡಸು ನೀರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ದ್ರಾವಣ ಮಬ್ಬಾಗುತ್ತದೆ. ಅದು ತಳಕ್ಕೆ ಕೂತಷ್ಟೂ ಮೇಲಿನ ಆಮ್ಲ ಕಮ್ಮಿಯಾಗುತ್ತದೆ.

ಮುಂದಿನ ಪ್ರಾಕ್ಟಿಕಲ್‌ನಲ್ಲಿ ಫ್ಲಾಸ್ಕನ್ನು ಬರೀ ನೀರಲ್ಲಿ ತೊಳೆದು ಮತ್ತೆ ಮಾಡಿ. ಬೇರೆ ಏನನ್ನೂ ಬದಲಿಸಬೇಡಿ. 10.0 ಬಂದರೆ ರೆಕಾರ್ಡ್‌ನಲ್ಲಿ ಹೀಗೆ ಬರೆಯಿರಿ: ‘ಫ್ಲಾಸ್ಕನ್ನು ಆಮ್ಲದಲ್ಲಿ ತೊಳೆದಿದ್ದರಿಂದ ಸುಮಾರು 0.5 ಮಿ.ಲೀ. ಆಮ್ಲ ಒಳಗೆ ಉಳಿದಿತ್ತು. ಅದಕ್ಕೆ ರೀಡಿಂಗ್ ಏರಿ, ಪರ್ಮಾಂಗನೇಟ್‌ನ ಮೋಲಾರಿಟಿ 0.020ರ ಬದಲು 0.019 ಬಂತು.’