ತುಂಬಾ ಶಿಸ್ತಿನ ಹುಡುಗನ ಬ್ಯಾಗಿನಲ್ಲಿ ಲೇಬಲ್ ಇಲ್ಲದ ಮಾತ್ರೆ
ಓದುಗರ ಪ್ರಶ್ನೆಗೆ ಕ್ರೀಡಾ ಮನಃಶಾಸ್ತ್ರಜ್ಞರ ಉತ್ತರ

ಪ್ರಶ್ನೆ: ನಾವು ಬಿಜಾಪುರದ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ 17 ವರ್ಷ, ಕಬಡ್ಡಿ ರೈಡರ್. ಒಂದು ಕೆಟ್ಟ ಚಟ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಹೋಗುತ್ತಾನೆ. ಎರಡು ತಿಂಗಳಿಂದ ಅವನ ಬಲ ಮೊಣಕಾಲು ಊದಿಕೊಳ್ಳುತ್ತಿದೆ. ಮನೆಯ ಮೆಟ್ಟಿಲನ್ನು ಅಡ್ಡಡ್ಡ ಕಾಲಿಟ್ಟು ಇಳಿಯುತ್ತಾನೆ. ಆದರೆ ಮ್ಯಾಚ್ ಇದ್ದ ದಿನ ಇಂಜೆಕ್ಷನ್ ಹಾಕಿಸಿಕೊಂಡು ಆಡುತ್ತಾನೆ. ತನ್ನ ಗುಂಪಿನ ತೂಕದ ಮಿತಿಯೊಳಗೆ ಬರಬೇಕು ಅಂತ ಹಿಂದಿನ ದಿನ ನೀರನ್ನೂ ಮುಟ್ಟುವುದಿಲ್ಲ. ಈಗ ಜಿಮ್ಮಿನವರು ಕೊಟ್ಟ ಲೇಬಲ್ ಇಲ್ಲದ ಮಾತ್ರೆ ಅವನ ಬ್ಯಾಗಿನಲ್ಲಿ ಸಿಕ್ಕಿದೆ. ಕೇಳಿದರೆ "ಎಲ್ಲಾರೂ ತಗೋತಾರ ಅವ್ವ, ಪ್ರೋಟೀನ್ ಇದ್ದಂಗ" ಅಂತಾನೆ. ಇಷ್ಟು ಒಳ್ಳೆ ಹುಡುಗ ದಾರಿ ತಪ್ಪುತ್ತಿದ್ದಾನಾ?
ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಮೊದಲು ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ದೊಡ್ಡವರು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸುವ ಹುಡುಗ ಹೀಗೇ ಮಾಡುತ್ತಾನೆ.

1991ರಲ್ಲಿ ರಾಬರ್ಟ್ ಹ್ಯೂಸ್ ಮತ್ತು ಜೇ ಕೋಕ್ಲಿ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಇದರ ಬಗ್ಗೆಯೇ ಬರೆದರು. ಆಟದ ಮೌಲ್ಯಗಳನ್ನು ಧಿಕ್ಕರಿಸುವವರು ತಪ್ಪು ಮಾಡುತ್ತಾರೆ, ಸರಿ. ಆದರೆ ಅವನ್ನು ಅತಿಯಾಗಿ ನಂಬುವವರೂ ಅಷ್ಟೇ ದೂರ ಹೋಗುತ್ತಾರೆ ಅಂದರು. ಆಟಕ್ಕಾಗಿ ಎಲ್ಲವನ್ನೂ ಬಿಡಬೇಕು, ಎಲ್ಲರಿಗಿಂತ ಮುಂದಿರಬೇಕು, ನೋವಿದ್ದರೂ ಆಡಬೇಕು, 'ಆಗಲ್ಲ' ಅನ್ನಬಾರದು. ಈ ಮಾತುಗಳು ಕೇಳಿಸದ ಮೈದಾನ ಯಾವುದಿದೆ ಹೇಳಿ? ಮಾತುಗಳೇನೂ ಕೆಟ್ಟವಲ್ಲ. ಆದರೆ ಎಲ್ಲಿಗೆ ಸಾಕು ಅನ್ನೋದನ್ನು ಯಾರೂ ಹೇಳಿಕೊಡೋದಿಲ್ಲ.

ನಿಮ್ಮ ಪತ್ರವನ್ನೇ ನೋಡಿ. ಐದಕ್ಕೆ ಏಳುತ್ತಾನೆ ಅಂತ ಎಲ್ಲರೂ ಹೊಗಳಿರುತ್ತಾರೆ. ಊದಿದ ಕಾಲಿನಲ್ಲೇ ರೈಡ್ ಹೋದಾಗ ಶಿಳ್ಳೆ ಬಿದ್ದಿರುತ್ತದೆ. ನೀರು ಬಿಟ್ಟು ತೂಕಕ್ಕೆ ಬಂದಾಗ ತಂಡದವರು ಬೆನ್ನು ತಟ್ಟಿರುತ್ತಾರೆ. ಮಾತ್ರೆ ಸಿಕ್ಕಾಗ ಮಾತ್ರ ನಿಮಗೆ ದಿಗಿಲಾಯಿತು. ಅವನ ಲೆಕ್ಕದಲ್ಲಿ ಇವೆಲ್ಲ ಒಂದೇ ಸಾಲಿನವು. ಮೂರಕ್ಕೆ ಚಪ್ಪಾಳೆ ಬಿದ್ದಿದೆ, ನಾಲ್ಕನೆಯದಕ್ಕೆ ಯಾಕೆ ಬೈಗುಳ ಅಂತ ಅವನಿಗೆ ನಿಜಕ್ಕೂ ಅರ್ಥವಾಗಿಲ್ಲ.

ಮುಂಬೈ ಕಬಡ್ಡಿಯಲ್ಲಿ ಇದರ ಜೊತೆಗೆ ನೌಕರಿಯ ಆಸೆಯೂ ಇದೆ. ಚೆನ್ನಾಗಿ ಆಡಿದ ಹುಡುಗನಿಗೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದ ಕೆಲಸ ಸಿಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ದುಡ್ಡೂ ಕಾಣಿಸುತ್ತಿದೆ. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರುವವರ ಮಗ ಒಂದು ಸೀಸನ್ ತಪ್ಪಿಸಿಕೊಳ್ಳಲು ಎಷ್ಟು ಹೆದರುತ್ತಾನೆ ಅನ್ನೋದು ನನಗೆ ಗೊತ್ತು. ಅವನಿಗೆ ಬುದ್ಧಿವಾದಕ್ಕಿಂತ ಮೊದಲು ಆ ಭಯ ಇಳಿಯಬೇಕು. "ಈ ವರ್ಷ ಆಡದಿದ್ದರೂ ಪರವಾಗಿಲ್ಲ" ಅಂತ ಅಪ್ಪನ ಬಾಯಿಂದ ಬರಲಿ. ಅಮ್ಮ ಹೇಳಿದರೆ ಕರುಳು ಅಂದುಕೊಳ್ಳುತ್ತಾನೆ. ಅಪ್ಪ ಹೇಳಿದರೆ ಅಪ್ಪಣೆ ಸಿಕ್ಕಿದ ಹಾಗೆ.

ಈಗ ಕಾಲಿನ ವಿಷಯ. ಎರಡು ತಿಂಗಳು ಊತ ಇಳಿದಿಲ್ಲ, ಮೆಟ್ಟಿಲು ಇಳಿಯಲು ಅಡ್ಡ ತಿರುಗುತ್ತಾನೆ ಅಂದರೆ ಸುಮ್ನೆ ಉಳುಕಲ್ಲ. ಮೊದಲ ದಿನ ಒಳಗೆ 'ಟಕ್' ಅಂದಿತ್ತಾ, ನಡೆಯುವಾಗ ಕಾಲು ಕುಸಿಯುತ್ತಾ ಅಂತ ಕೇಳಿ. ಹೌದು ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟ್ ಹರಿದಿರಬಹುದು. ರೈಡರ್ ತಿರುಗಿ ಓಡುವಾಗ ಇಡೀ ಮೈಭಾರ ಒಂದೇ ಮೊಣಕಾಲಿನ ಮೇಲೆ ಬೀಳುತ್ತದೆ, ಹಿಡಿಯುವವರು ಅದೇ ಕಾಲಿಗೆ ಬೀಳುತ್ತಾರೆ. ಹರಿದದ್ದರ ಮೇಲೆ ಆಡುತ್ತಾ ಹೋದರೆ ಮೂಳೆಗಳ ನಡುವಿನ ಕುಶನ್ ಕೂಡ ಹಾಳಾಗುತ್ತದೆ. ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಹಾಕಿಸಿಕೊಂಡ ಇಂಜೆಕ್ಷನ್ ಯಾವುದು ಅಂತ ಚೀಟಿ ತೆಗೆದುಕೊಳ್ಳಿ. ಸ್ಟೀರಾಯ್ಡ್ ಜಾತಿಯ ಇಂಜೆಕ್ಷನ್ ಆಗಿದ್ದರೆ, ಡೋಪಿಂಗ್ (ಆಟದಲ್ಲಿ ನಿಷೇಧಿತ ಔಷಧಿ ಬಳಸುವುದು) ತಡೆಯುವ ನಿಯಮದಲ್ಲಿ 2022ರಿಂದ ಅದನ್ನು ಪಂದ್ಯದ ಸಮಯದಲ್ಲಿ ನಿಷೇಧಿಸಿದ್ದಾರೆ. ಟ್ರಮಡಾಲ್ ಅನ್ನುವ ನೋವಿನ ಔಷಧಿಯೂ 2024ರ ಜನವರಿಯಿಂದ ಆ ಪಟ್ಟಿಗೆ ಸೇರಿದೆ.

ನೀರು ಬಿಡುವುದು ತಕ್ಷಣ ನಿಲ್ಲಬೇಕು. ಬಿಸಿಲಿನಲ್ಲಿ ರೇನ್‌ಕೋಟ್ ಹಾಕಿಕೊಂಡು ಓಡುವುದು, ಎಂಜಲು ಉಗುಳುತ್ತಾ ಕೂರುವುದು ಎಲ್ಲ ನಾನು ಕಂಡಿದ್ದೇನೆ. ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆಗೂ ಕೈ ಹಾಕುತ್ತಾರೆ. ಅದೂ ನಿಷೇಧಿತ, ಜೊತೆಗೆ ಹೃದಯದ ಬಡಿತಕ್ಕೇ ತೊಂದರೆ. ಬೆಳೆಯುವ ಹುಡುಗನ ತೂಕ ಏರುವುದು ಸಹಜ. ಅವನನ್ನು ಮೇಲಿನ ಗುಂಪಿಗೆ ಕಳಿಸುವುದು ಕೋಚ್ ಮಾಡಬೇಕಾದ ಕೆಲಸ.

ಲೇಬಲ್ ಇಲ್ಲದ ಮಾತ್ರೆಯನ್ನು ಡಾಕ್ಟರಿಗೆ ತೋರಿಸಿ, ಮಗ ಇನ್ನು ನುಂಗದಿರಲಿ. ಡೋಪಿಂಗ್ ನಿಯಮದಲ್ಲಿ 'ಗೊತ್ತಿರಲಿಲ್ಲ' ಅನ್ನುವುದರಿಂದ ಪಾರಾಗಲು ಆಗುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ವಯಸ್ಸು ಚಿಕ್ಕದಾದರೆ ಶಿಕ್ಷೆ ಕಡಿಮೆಯಾಗಬಹುದು, ಅಷ್ಟೇ. ಮುಂಬೈಯ ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಕೆಮ್ಮಿನ ಸಿರಪ್ ಕುಡಿದೆ ಅಂದರು. ಕ್ರಿಕೆಟ್ ಮಂಡಳಿ ಆ ಮಾತನ್ನು ಒಪ್ಪಿತು. ಆದರೂ ಮೂತ್ರದ ಸ್ಯಾಂಪಲ್‌ನಲ್ಲಿ ಟರ್ಬ್ಯುಟಲಿನ್ ಅನ್ನುವ ನಿಷೇಧಿತ ಔಷಧಿ ಸಿಕ್ಕಿದ್ದಕ್ಕೆ ಎಂಟು ತಿಂಗಳ ನಿಷೇಧ ಬಿತ್ತು. ಕೆಮ್ಮಿನ ಸಿರಪ್ಪಿಗೇ ಹೀಗಾದರೆ ಜಿಮ್ಮಿನ ಮಾತ್ರೆಯ ಗತಿ ಏನು? 2023ರಲ್ಲಿ ನಮ್ಮ ದೇಶದಲ್ಲಿ 5,600ಕ್ಕೂ ಜಾಸ್ತಿ ಸ್ಯಾಂಪಲ್ ಪರೀಕ್ಷೆಯಾದವು. ನೂರಕ್ಕೆ ಹತ್ತಿರ ಹತ್ತಿರ ನಾಲ್ಕು ಸಿಕ್ಕಿಬಿದ್ದವು. ಹೆಚ್ಚು ಪರೀಕ್ಷೆ ಮಾಡುವ ದೇಶಗಳಲ್ಲಿ ನಮ್ಮದೇ ಕೆಟ್ಟ ಲೆಕ್ಕ. ಇವರಲ್ಲಿ ನಿಮ್ಮ ಮಗನಂಥ ಹುಡುಗರು ಎಷ್ಟೋ ಇರುತ್ತಾರೆ ಅನ್ನುವುದೇ ನನ್ನ ಸಂಕಟ. ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ಔಷಧಿಯ ಹೆಸರು ಹಾಕಿದರೆ ನಿಷೇಧಿತವೋ ಅಲ್ಲವೋ ತೋರಿಸುತ್ತದೆ. ಮಗನ ಫೋನಿನಲ್ಲಿ ಅವನ ಕೈಯಿಂದಲೇ ಹಾಕಿಸಿ.

ಆಮೇಲೆ ಅಪ್ಪ ಅಮ್ಮ ಇಬ್ಬರೂ ಹೋಗಿ ಕೋಚನ್ನು ಕಾಣಿ. ಜಗಳ ಬೇಡ. "ಸರ್, ಡಾಕ್ಟರ್ ಹೇಳುವ ತನಕ ಅವನನ್ನು ಇಳಿಸಬೇಡಿ" ಅಂತ ಸ್ಪಷ್ಟವಾಗಿ ಹೇಳಿ. ಒಳ್ಳೆಯ ಕೋಚ್ ಒಪ್ಪುತ್ತಾರೆ. ಒಪ್ಪದಿದ್ದರೆ ಕ್ಲಬ್ ಬದಲಿಸಿ.

ಪ್ರಶ್ನೆ: 1980ರಲ್ಲಿ ಇಂಗ್ಲೆಂಡ್ ವಿರುದ್ಧ ಆದ ಜುಬಿಲಿ ಕ್ರಿಕೆಟ್ ಟೆಸ್ಟನ್ನು ನಾನು ವಾಂಖೆಡೆಯಲ್ಲಿ ಕೂತು ನೋಡಿದವನು. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ನಮ್ಮ ವಿಶ್ವನಾಥ್ ವಾಪಸ್ ಕರೆದರು. ನಾವು ಸೋತೆವು. ಮೊಮ್ಮಗ ಅದನ್ನು ದಡ್ಡತನ ಅಂತಾನೆ. ಬೌಲರ್ ತುದಿಯಲ್ಲಿ ಮುಂದೆ ಹೋದ ಬ್ಯಾಟರನ್ನು ರನೌಟ್ ಮಾಡುವುದು ಮಾತ್ರ ಸರಿಯಂತೆ. ನನಗೆ ಎರಡೂ ಒಪ್ಪಿಗೆಯಿಲ್ಲ.
ನಿವೃತ್ತ ಬ್ಯಾಂಕ್ ನೌಕರ, ಮಾಟುಂಗಾ

ಉತ್ತರ: ಮೊದಲನೆಯದರಲ್ಲಿ ನಾನು ನಿಮ್ಮ ಕಡೆ, ಎರಡನೆಯದರಲ್ಲಿ ಮೊಮ್ಮಗನ ಕಡೆ.

ಇಂಗ್ಲೆಂಡ್ 58ಕ್ಕೆ 5 ಆಗಿತ್ತು. ಟೇಲರ್ ಉಳಿದು 43 ಹೊಡೆದರು. ಬಾಥಮ್ ಜೊತೆ 171 ರನ್ ಸೇರಿಸಿದರು. ಅದು ಭದ್ರಾವತಿಯ ವಿಶಿ ನಾಯಕರಾಗಿದ್ದ ಎರಡೇ ಟೆಸ್ಟುಗಳಲ್ಲಿ ಒಂದು. ಅಷ್ಟಿದ್ದರೂ ಸ್ಲಿಪ್‌ನಲ್ಲಿ ನಿಂತು ಕಣ್ಣಾರೆ ಕಂಡಿದ್ದನ್ನು ಅವರು ಮುಚ್ಚಿಡಲಿಲ್ಲ. ಚೆಂಡು ಬ್ಯಾಟಿಗೆ ತಾಗಿರಲಿಲ್ಲ, ಅಷ್ಟೇ. ಮೊಮ್ಮಗನಿಗೆ ಪೂರ್ತಿ ಸ್ಕೋರ್ ಕಾರ್ಡ್ ತೋರಿಸಿ. ಎರಡನೇ ಇನಿಂಗ್ಸಿನಲ್ಲಿ ನಾವು 149ಕ್ಕೆ ಔಟಾದೆವು, ಬಾಥಮ್ ಒಬ್ಬರೇ ಆ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು. ಸೋಲಿನ ಭಾರವನ್ನೆಲ್ಲ ಒಂದು ಪ್ರಾಮಾಣಿಕತೆಯ ಮೇಲೆ ಹೊರಿಸುವುದು ಅನ್ಯಾಯ.

ಆ ರನೌಟ್ ಬೇರೆ ವಿಷಯ. ಚೆಂಡು ಬಿಡುವ ಮೊದಲೇ ಗೆರೆ ದಾಟಿ ಎರಡು ಹೆಜ್ಜೆ ಕದಿಯುವವನು ಬ್ಯಾಟರ್. 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಅವರು ಬಿಲ್ ಬ್ರೌನ್‌ರನ್ನು ಹಾಗೆ ಔಟ್ ಮಾಡಿದಾಗ ಎದುರಾಳಿ ನಾಯಕ ಬ್ರಾಡ್ಮನ್ನರೇ ಅವರ ಪರ ನಿಂತರು. 2022ರಲ್ಲಿ ಕ್ರಿಕೆಟ್ ನಿಯಮಗಳನ್ನು ಮಾಡುವ ಎಂಸಿಸಿ ಕ್ಲಬ್ ಇದನ್ನು 'ಅನುಚಿತ ಆಟ'ದ ನಿಯಮದಿಂದ ತೆಗೆದು ಮಾಮೂಲಿ ರನೌಟ್ ನಿಯಮಕ್ಕೆ ಸೇರಿಸಿತು. ಸರಿಯಾದ ಕೆಲಸ.

ಪ್ರಶ್ನೆ: ಗದಗದಿಂದ ಬಂದು ವಾಸ್ಕೋದಲ್ಲಿ ನೆಲೆಸಿದ್ದೇವೆ. ಮಗನಿಗೆ 13. ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ, ಮೈಕಟ್ಟು ಸಣ್ಣದು. ಆಯ್ಕೆಯಲ್ಲಿ ದಪ್ಪ ಹುಡುಗರೇ ಮುಂದೆ. ಪರಿಚಯದವರೊಬ್ಬರು ಜನ್ಮ ತಾರೀಖು ಎರಡು ವರ್ಷ ಇಳಿಸಿ ಕಾಗದ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. "ಎಲ್ಲರೂ ಮಾಡ್ತಾರೆ" ಅಂತಾರೆ.
ಒಬ್ಬ ತಂದೆ, ವಾಸ್ಕೋ

ಉತ್ತರ: ಬೇಡವೇ ಬೇಡ ಅಣ್ಣಾ. ಈ ಕಾಗದ ಮಾಡಿಸಿದ ದಿನದಿಂದ ನಿಮ್ಮ ಮಗ ಸುಳ್ಳು ವಯಸ್ಸು ಕಂಠಪಾಠ ಮಾಡಿಕೊಂಡು ಬದುಕಬೇಕು. ಗೆಳೆಯರ ಮುಂದೆ, ಕೋಚ್ ಮುಂದೆ, ಹುಟ್ಟುಹಬ್ಬದ ದಿನ ಕೂಡ. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಇದನ್ನೇ ಕೇಳಿದ್ದರು: ಹೆತ್ತವರೇ ಮೋಸ ಮಾಡುವುದನ್ನು ಕಂಡ ಮಗು ಮೋಸಗಾರನಾಗದೆ ಇರುತ್ತದಾ ಅಂತ.

ಸಿಕ್ಕಿಬೀಳುವುದೂ ಈಗ ಸುಲಭ. ಮಣಿಕಟ್ಟಿನ ಎಕ್ಸ್‌ರೇ ನೋಡಿ ಎಲುಬಿನ ವಯಸ್ಸು ಅಂದಾಜು ಮಾಡುತ್ತಾರೆ. 17ರೊಳಗಿನವರ ವಿಶ್ವಕಪ್‌ನಲ್ಲಿ ಫಿಫಾ 2009ರಿಂದ ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತಿದೆ. 2017ರಲ್ಲಿ ನಿಮ್ಮ ಗೋವಾದ ಫಟೋರ್ಡಾದಲ್ಲಿ ಆದದ್ದು ಅದೇ ಟೂರ್ನಿಯ ಪಂದ್ಯಗಳು. ಕ್ರಿಕೆಟ್ ಮಂಡಳಿ 2020ರಲ್ಲಿ ತಾವಾಗಿಯೇ ನಿಜ ಒಪ್ಪಿಕೊಂಡವರಿಗೆ ಕ್ಷಮೆ, ಆಮೇಲೆ ಸಿಕ್ಕವರಿಗೆ ಎರಡು ವರ್ಷ ನಿಷೇಧ ಅಂತ ಸಾರಿತು.

ಆಟದ ಲೆಕ್ಕದಲ್ಲೂ ನಷ್ಟವೇ. ತನಗಿಂತ ಚಿಕ್ಕವರ ಜೊತೆ ಆಡುವವನು ಮೈಬಲದಿಂದ ಗೆಲ್ಲುತ್ತಾನೆ, ಚೆಂಡಿನ ಹಿಡಿತ ಕಲಿಯುವುದಿಲ್ಲ. ಹದಿನೆಂಟರ ಹೊತ್ತಿಗೆ ಉಳಿದವರೂ ಅಷ್ಟೇ ಎತ್ತರ ಬೆಳೆದಿರುತ್ತಾರೆ, ಆಗ ಇವನ ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಮಗ ಸಣ್ಣ ಮೈಯಲ್ಲೇ ದೊಡ್ಡ ಹುಡುಗರ ನಡುವೆ ಜಾಗ ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದಾನಲ್ಲ, ಅದು ಉಳಿಯುವ ವಿದ್ಯೆ. ಕೆಲವು ಹುಡುಗರು ಹದಿನೈದಕ್ಕೆ ಒಮ್ಮೆಲೇ ಎತ್ತರ ಆಗುತ್ತಾರೆ. ಇಂಗ್ಲೆಂಡಿನ ಕ್ಲಬ್ಬುಗಳು ಹುಟ್ಟಿದ ವರ್ಷದ ಬದಲು ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗ ಮಾಡಿವೆ, ಇಂಥ ಹುಡುಗರು ಕಣ್ಣಿಗೆ ಬೀಳಲಿ ಅಂತಲೇ. ಅಭ್ಯಾಸದಲ್ಲಿ ಆಗಾಗ ಹಾಗೆ ಆಡಿಸಬಹುದಾ ಅಂತ ನಿಮ್ಮ ಕೋಚನ್ನು ಕೇಳಿ.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿಗೆ ಜೂನ್ 1 ಅಂತ ಬರೆದುಬಿಟ್ಟಿರುತ್ತಾರೆ. ಅದರಲ್ಲಿ ಮೋಸವಿಲ್ಲ, ಆದರೆ ಪರಿಶೀಲನೆಯಲ್ಲಿ ಮೋಸದ ಹಾಗೇ ಕಾಣುತ್ತದೆ. ಮಗನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತಾರೀಖು ಬೇರೆ ಬೇರೆ ಇದ್ದರೆ ಆಸ್ಪತ್ರೆಯ ಕಾಗದ ಹಿಡಿದು ಹತ್ತನೇ ಕ್ಲಾಸಿಗೆ ಮೊದಲೇ ಸರಿ ಮಾಡಿಸಿ. ಆಮೇಲೆ ಓಡಾಟ ಜಾಸ್ತಿ.